ಪಾರ್ಕಿನಲ್ಲಿ ಕಾರ್ಯಕ್ರಮ ಮಾಡಬೇಕೆ? ಅನುಮತಿ ಅರ್ಜಿಯಿಂದ ಠೇವಣಿ ವಾಪಸಾತಿವರೆಗೆ: ದಾವಣಗೆರೆಯವರಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳ ಚಿತ್ರಕಲಾ ಸ್ಪರ್ಧೆ, ಯೋಗ ಶಿಬಿರ, ರಾಜ್ಯೋತ್ಸವ, ಆರೋಗ್ಯ ತಪಾಸಣೆ, ಸುಗಮ ಸಂಗೀತದ ಸಂಜೆ. ಇವಕ್ಕೆಲ್ಲ ಬಡಾವಣೆಯ ಪಾರ್ಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನೆರಳಿದೆ, ಮನೆಗೆ ಹತ್ತಿರ, ಕಲ್ಯಾಣ ಮಂಟಪದ ಬಾಡಿಗೆ ಉಳಿಯುತ್ತದೆ. ಆದರೆ ಬಹಳಷ್ಟು ಸಂಘಗಳು ಆಹ್ವಾನ ಪತ್ರಿಕೆ ಅಚ್ಚಾಗಿ ಬಂದ ಮೇಲೆ ಅರ್ಜಿ ಬರೆಯಲು ಕೂರುತ್ತವೆ. ಆಗ ಕೈಯಲ್ಲಿ ಉಳಿದಿರುವುದು ಒಂದು ವಾರ. ಅಷ್ಟರಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೂ ಹೋಗಿರುವುದಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಅನುಮತಿ ಅಂದರೆ ಒಂದೇ ಕಾಗದವಲ್ಲ. ಜಾಗ ಯಾರದೋ ಅವರ ಒಪ್ಪಿಗೆ ಮೊದಲು. ಧ್ವನಿವರ್ಧಕಕ್ಕೆ ಮತ್ತು ಜನ ಸೇರುವುದಕ್ಕೆ ಪೊಲೀಸರ ಅನುಮತಿ ಆಮೇಲೆ. ವಿದ್ಯುತ್, ಕಸ, ಊಟ ಆ ನಂತರ. ಮೊದಲನೆಯದು ಕೈಗೆ ಬಾರದೆ ಉಳಿದವು ಅಲ್ಲಾಡುವುದಿಲ್ಲ. ಅರ್ಜಿ ನೋಡುವ ಅಧಿಕಾರಿಗಳೆಲ್ಲರ ಮನಸ್ಸಿನಲ್ಲಿ ಇರುವುದು ಐದೇ ಪ್ರಶ್ನೆ: ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಸದ್ದು, ಎಷ್ಟು ಕಸ, ಏನಾದರೂ ಹಾಳಾದರೆ ಯಾರು ಹೊಣೆ. ಈ ಐದಕ್ಕೂ ಅರ್ಜಿಯಲ್ಲೇ ಅಂಕಿಯ ಸಮೇತ ಉತ್ತರವಿದ್ದರೆ ಕಡತ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ‘ವಿವರ ಕೇಳಿ’ ಎಂಬ ಶರಾ ಹೊತ್ತು ನಿಮ್ಮ ಕಡೆಗೇ ತಿರುಗಿ ಬರುತ್ತದೆ.

1. ಪಾರ್ಕು ಯಾರದು?

ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಹತ್ತು ದಿನ ಕಳೆದುಕೊಳ್ಳುವವರೇ ಹೆಚ್ಚು. ನೋಡುವುದಕ್ಕೆ ಎಲ್ಲವೂ ಒಂದೇ ಥರದ ಬೇಲಿ, ಒಂದೇ ಥರದ ಕಲ್ಲುಬೆಂಚು. ಒಡೆತನ ಮಾತ್ರ ಬೇರೆ ಬೇರೆ.

ದಾವಣಗೆರೆಯ ಹಳೆಯ ಬಡಾವಣೆಗಳ ಪಾರ್ಕುಗಳು ಸಾಮಾನ್ಯವಾಗಿ ಮಹಾನಗರ ಪಾಲಿಕೆಯ ಸುಪರ್ದಿಯಲ್ಲಿರುತ್ತವೆ. ಇವಕ್ಕೆ ಅರ್ಜಿ ಪಾಲಿಕೆ ಆಯುಕ್ತರ ಹೆಸರಿಗೆ. ಹೊಸ ಬಡಾವಣೆಯಾದರೆ ಹುಷಾರಾಗಿರಿ. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ, ಮಾಡಿದ ಅಥವಾ ಮಂಜೂರು ಮಾಡಿದ ಬಡಾವಣೆ ಪಾಲಿಕೆಗೆ ಇನ್ನೂ ಹಸ್ತಾಂತರವಾಗಿರದಿದ್ದರೆ ಪಾಲಿಕೆಯವರು ನಿಮ್ಮ ಅರ್ಜಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಆಗ ದೂಡಾ ಆಯುಕ್ತರಿಗೆ ಬರೆಯಬೇಕು. ತೋಟಗಾರಿಕೆ ಇಲಾಖೆಯ ಅಧೀನದಲ್ಲಿರುವ ಉದ್ಯಾನಕ್ಕೆ ಆ ಇಲಾಖೆಯ ಜಿಲ್ಲಾ ಕಚೇರಿಯೇ ದಾರಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ಜಾಗವಾದರೆ ಈಗ ನಿರ್ವಹಣೆ ಯಾರ ಕೈಯಲ್ಲಿದೆ ಎಂದು ಕೇಳಿಯೇ ಮುಂದಿನ ಹೆಜ್ಜೆ ಇಡಿ.

ತಿಳಿದುಕೊಳ್ಳುವ ಸುಲಭ ದಾರಿ ಹೀಗಿದೆ: ಬೆಳಗ್ಗೆ ಪಾರ್ಕಿಗೆ ಹೋಗಿ, ಗಿಡಕ್ಕೆ ನೀರು ಬಿಡುವ ಮಾಲಿಯನ್ನು ‘ನಿಮಗೆ ಸಂಬಳ ಯಾವ ಕಚೇರಿಯಿಂದ?’ ಎಂದು ಕೇಳಿ. ಗುತ್ತಿಗೆಯವರಾದರೆ ಗುತ್ತಿಗೆ ಕೊಟ್ಟವರು ಯಾರು ಎಂದು ಕೇಳಿ. ಗೇಟಿನ ಫಲಕ ಹತ್ತು ವರ್ಷ ಹಳೆಯದಿರಬಹುದು. ಮಾಲಿ ಹೇಳುವುದು ಈ ತಿಂಗಳ ಸಂಗತಿ.

ಕುಂದವಾಡ ಕೆರೆಯ ಏರಿ ಕಾರ್ಯಕ್ರಮಕ್ಕೆ ಬಹಳ ಜನರ ಕಣ್ಣಿಗೆ ಬೀಳುವ ಜಾಗ. ಆದರೆ ಅದು ಭದ್ರಾ ನಾಲೆಯ ನೀರು ತುಂಬಿಸಿ ಊರಿಗೆ ಕುಡಿಯಲು ಕೊಡುವ ಕೆರೆ. ಊಟ, ತಿಂಡಿ, ಶಾಮಿಯಾನ ಇರುವ ಕಾರ್ಯಕ್ರಮಕ್ಕೆ ಅದನ್ನು ಕೇಳದಿರುವುದೇ ಸರಿ. ನಡಿಗೆ, ಜಾಗೃತಿ ಓಟದಂಥದ್ದಕ್ಕೆ ಕೇಳಬಹುದು.

ಚಿತ್ರದುರ್ಗದವರು ನಗರಸಭೆಯ ಪೌರಾಯುಕ್ತರಿಗೆ ಬರೆಯಬೇಕು. ಅಲ್ಲಿ ಇನ್ನೊಂದು ತೊಡಕಿದೆ. ಕೋಟೆಯೊಳಗಿನ ಜಾಗ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ಸೇರಿದ್ದು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಸಭೆ, ಔತಣ ಮಾಡಲು ನಗರಸಭೆಯ ಪತ್ರ ಯಾವ ಕೆಲಸಕ್ಕೂ ಬರುವುದಿಲ್ಲ. ಜೋಗಿಮಟ್ಟಿ ಕಡೆ ಅರಣ್ಯ ಇಲಾಖೆ. ಈ ಎರಡಕ್ಕೂ ದಾರಿ ಉದ್ದ, ‘ಇಲ್ಲ’ ಎಂಬ ಉತ್ತರವೇ ಹೆಚ್ಚು. ಊರೊಳಗಿನ ನಗರಸಭೆ ಪಾರ್ಕು ಆರಿಸಿಕೊಂಡರೆ ಕೆಲಸ ಹಗುರ.

2. ಏನು ಕೇಳಬಹುದು, ಏನು ಕೇಳಬಾರದು

ಪಾರ್ಕುಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳ ಕಾಯ್ದೆ ಇದೆ. ಅದರ ತಿರುಳು ಇಷ್ಟು: ಪಾರ್ಕು ಪಾರ್ಕಾಗಿಯೇ ಉಳಿಯಬೇಕು. ಹಾಗಾಗಿ ನಿಮ್ಮ ಅರ್ಜಿ ಪಾರ್ಕನ್ನು ಬಾಡಿಗೆಗೆ ಪಡೆಯುವಂತೆ ಇರಬಾರದು. ಅದರ ಒಂದು ಮೂಲೆಯನ್ನು ಕೆಲವು ಗಂಟೆ ಬಳಸಿ ಹಾಗೆಯೇ ಒಪ್ಪಿಸುವಂತೆ ಇರಬೇಕು.

ಸಾರ್ವಜನಿಕರಿಗೆ ಮುಕ್ತವಾದ, ಟಿಕೆಟ್ ಇಲ್ಲದ, ಅರ್ಧ ದಿನದ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಮದುವೆ, ಹುಟ್ಟುಹಬ್ಬ, ಮಾರಾಟ ಮೇಳ, ಟಿಕೆಟ್ ಇಟ್ಟ ಸಂಗೀತ ರಾತ್ರಿ, ಗೇಟು ಮುಚ್ಚಿಕೊಂಡು ಮಾಡುವ ಯಾವುದೇ ಕೂಟ – ಇವನ್ನು ಪಾರ್ಕಿನಲ್ಲಿ ಕೇಳದಿರುವುದು ನ್ಯಾಯ. ಸಾವಿರ ಜನ ಸೇರುವ ಕಾರ್ಯಕ್ರಮಕ್ಕೆ ಹೈಸ್ಕೂಲ್ ಮೈದಾನದಂಥ ಬಯಲೇ ಬೇಕು. ಬಡಾವಣೆಯ ಪಾರ್ಕಿನ ಹುಲ್ಲು, ಗೇಟು, ಪಕ್ಕದ ರಸ್ತೆ ಮೂರೂ ಅಷ್ಟು ಜನರನ್ನು ತಡೆಯುವುದಿಲ್ಲ. ಸಾಧಾರಣ ಪಾರ್ಕಿಗೆ 300 ಜನ ಮೇಲ್ಮಿತಿ ಎಂದು ಇಟ್ಟುಕೊಳ್ಳಿ. ಈ ಮಾರ್ಗದರ್ಶಿಯ ಲೆಕ್ಕವೆಲ್ಲ ಅದೇ ಸಂಖ್ಯೆಯ ಮೇಲೆ.

3. ದಿನ ಮತ್ತು ಹೊತ್ತು

ಅರ್ಜಿ ಕೊಡುವ ದಿನದಿಂದ ಕಾರ್ಯಕ್ರಮಕ್ಕೆ 30 ದಿನ ಅಂತರವಿರಲಿ. ತೀರಾ ಸಣ್ಣದು, 50 ಜನರೊಳಗಿನದು, ಮೈಕ್ ಇಲ್ಲದ್ದು ಎಂದರೆ 15 ದಿನ ಸಾಕು.

ಪೊಲೀಸರು ಬಿಡುವಿಲ್ಲದೆ ಇರುವ ದಿನಗಳನ್ನು ಬಿಡಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಗಣೇಶ ವಿಸರ್ಜನೆಯ ವಾರಗಳು. ಚಿತ್ರದುರ್ಗದಲ್ಲಿ ಹಿಂದೂ ಮಹಾಗಣಪತಿಯ ಶೋಭಾಯಾತ್ರೆ, ದಸರಾ ಹೊತ್ತಿನ ಶರಣ ಸಂಸ್ಕೃತಿ ಉತ್ಸವ. ಈ ದಿನಗಳಲ್ಲಿ ಠಾಣೆಯಲ್ಲಿ ನಿಮ್ಮ ಅರ್ಜಿ ನೋಡುವವರೂ ಇರುವುದಿಲ್ಲ, ಬಂದೋಬಸ್ತಿಗೆ ಕಳಿಸಲು ಜನವೂ ಇರುವುದಿಲ್ಲ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದರೆ ಚುನಾವಣಾಧಿಕಾರಿಗಳ ಕಚೇರಿಯಲ್ಲೂ ಕೇಳಬೇಕು. ವೇದಿಕೆಯ ಮೇಲೆ ರಾಜಕಾರಣಿಗಳ ಹೆಸರು, ಚಿತ್ರ ಇರಕೂಡದು.

ಮಳೆಯ ಮಾತು. ನಮ್ಮ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನ ಸಂಜೆಗಳಲ್ಲಿ. ಜೂನ್, ಜುಲೈನಲ್ಲಿ ಮಳೆ ಕಡಿಮೆಯಾದರೂ ಗಾಳಿ ವಿಪರೀತ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಿರುವುದೇ ಅದಕ್ಕೆ ಸಾಕ್ಷಿ. ಆ ತಿಂಗಳುಗಳಲ್ಲಿ ಶಾಮಿಯಾನ ಪಟದಂತೆ ಮೇಲೇಳುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಎಲ್ಲಕ್ಕೂ ಒಳ್ಳೆಯದು. ಅರ್ಜಿಯಲ್ಲೇ ಒಂದು ಬದಲಿ ದಿನಾಂಕ ಬರೆದುಬಿಡಿ. ಮಳೆ ಬಂದು ಮುಂದೂಡಿದರೆ ಮೊದಲಿಂದ ಶುರು ಮಾಡುವ ಕಷ್ಟ ತಪ್ಪುತ್ತದೆ.

ಪಾರ್ಕಿಗೆ ದಿನಾ ಬರುವವರು ವಾಯುವಿಹಾರಿಗಳು. ಬೆಳಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ಐದರಿಂದ ಎಂಟು ಅವರ ಹೊತ್ತು. ಭಾನುವಾರ ಬೆಳಗ್ಗೆ 9.30ರಿಂದ 12.30 ಎಲ್ಲರಿಗೂ ಹೊಂದುವ ವೇಳೆ. ಸಂಜೆಯೇ ಬೇಕೆಂದರೆ ನಡಿಗೆ ಪಥವನ್ನು ಪೂರ್ತಿ ಬಿಟ್ಟುಕೊಟ್ಟು ನಡುವಿನ ಜಾಗ ಮಾತ್ರ ಕೇಳಿ. ಅಲ್ಲಿನ ವಾಯುವಿಹಾರಿಗಳ ಬಳಗ ಅಥವಾ ನಾಗರಿಕ ಹಿತರಕ್ಷಣಾ ಸಮಿತಿಯಿಂದ ‘ನಮ್ಮ ಅಭ್ಯಂತರವಿಲ್ಲ’ ಎಂದು ಎರಡು ಸಾಲು ಬರೆಸಿ, ನಾಲ್ಕಾರು ಸಹಿ ಹಾಕಿಸಿ ಅರ್ಜಿಗೆ ಲಗತ್ತಿಸಿ. ಕಾನೂನು ಇದನ್ನು ಕೇಳುವುದಿಲ್ಲ. ಆದರೆ ಕಾರ್ಯಕ್ರಮದ ಹಿಂದಿನ ದಿನ ಬರುವ ತಕರಾರು ಅರ್ಜಿಯನ್ನು ತಡೆಯುವುದು ಈ ಹಾಳೆಯೇ.

4. ಸ್ಥಳದ ನಕ್ಷೆ

ಅರ್ಜಿ ಬರೆಯುವ ಮುಂಚೆ ಟೇಪು ಹಿಡಿದು ಪಾರ್ಕಿಗೆ ಹೋಗಿ. ಎ4 ಹಾಳೆಯ ಮೇಲೆ ಕೈಯಲ್ಲೇ ನಕ್ಷೆ ಬರೆಯಿರಿ. ಎಂಜಿನಿಯರ್ ಬರೆದದ್ದೇ ಆಗಬೇಕಿಲ್ಲ, ಅಳತೆ ಸರಿ ಇದ್ದರಾಯಿತು.

ಕುರ್ಚಿ ಹಾಕಿ ಕೂರಿಸಲು, ನಡುವೆ ಓಡಾಡುವ ದಾರಿ ಸೇರಿ, ಒಬ್ಬರಿಗೆ ಸುಮಾರು 10 ಚದರ ಅಡಿ ಬೇಕು. 300 ಜನಕ್ಕೆ 3,000 ಚದರ ಅಡಿ, ಅಂದರೆ 50 ಅಡಿಗೆ 60 ಅಡಿ. ಚಿತ್ರ ಬರೆಯುವ ಮಕ್ಕಳು ಜಮಖಾನದ ಮೇಲೆ ಕೂರುವುದಾದರೆ ಒಬ್ಬರಿಗೆ 12 ಚದರ ಅಡಿ ಕೊಡಿ, ಬಣ್ಣದ ಡಬ್ಬಿ, ನೀರಿನ ಲೋಟ ಇಡಬೇಕಲ್ಲ. ವೇದಿಕೆಗೆ 12ಕ್ಕೆ 16 ಅಡಿ, ಎತ್ತರ ಒಂದೂವರೆ ಅಡಿ ಸಾಕು. ಒಂದು ಸಾಲಿನಲ್ಲಿ ಹತ್ತಕ್ಕಿಂತ ಹೆಚ್ಚು ಕುರ್ಚಿ ಬೇಡ, ಸಾಲುಗಳ ನಡುವೆ 4 ಅಡಿ ಅಗಲದ ದಾರಿ ಬಿಡಿ.

ನಕ್ಷೆಯಲ್ಲಿ ಇವಿಷ್ಟನ್ನು ಗುರುತಿಸಿ: ಗೇಟುಗಳು ಮತ್ತು ಅವುಗಳ ಅಗಲ, ಮರಗಳು, ನಡಿಗೆ ಪಥ, ಆಟಿಕೆಗಳ ಜಾಗ, ನೀರಿನ ನಲ್ಲಿ, ವೇದಿಕೆ, ಸ್ಪೀಕರ್ ಯಾವ ಕಡೆ ಮುಖ ಮಾಡಿದೆ ಎಂಬ ಬಾಣದ ಗುರುತು, ಜನರೇಟರ್, ಕಸದ ಬುಟ್ಟಿ, ವಾಹನ ನಿಲ್ಲಿಸುವ ರಸ್ತೆ ಬದಿ, ಆಂಬುಲೆನ್ಸ್ ಬಂದು ನಿಲ್ಲುವ ಜಾಗ.

ಗೇಟಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಪಾರ್ಕುಗಳಿಗೆ ಎರಡು ಗೇಟಿದ್ದರೂ ಒಂದಕ್ಕೆ ಯಾವಾಗಲೂ ಬೀಗ. ಇನ್ನೊಂದರಲ್ಲಿ ದನ, ಬೈಕು ನುಗ್ಗದಂತೆ ಸುತ್ತುಗೇಟು ಅಥವಾ ಅಡ್ಡಕಂಬ. ದಿನದ ಓಡಾಟಕ್ಕೆ ಅದು ಸರಿ. ಮಳೆ ಹನಿದು 300 ಜನ ಒಮ್ಮೆಲೇ ಎದ್ದರೆ ಅದೇ ಅಪಾಯ, ಯಾಕೆಂದರೆ ಸುತ್ತುಗೇಟಿನಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು. ಜನಸಂದಣಿ ಎಂಬ ಮಾತು ಬಂದರೆ ಅಧಿಕಾರಿಗಳ ಮನಸ್ಸಿಗೆ ಮೊದಲು ಬರುವುದು ಅದು. ಹಾಗಾಗಿ ‘ಎರಡನೇ ಗೇಟಿನ ಬೀಗ ಕಾರ್ಯಕ್ರಮ ಮುಗಿಯುವವರೆಗೆ ತೆಗೆದಿಡಬೇಕು, ನಮ್ಮ ಇಬ್ಬರು ಸ್ವಯಂಸೇವಕರು ಅಲ್ಲಿರುತ್ತಾರೆ’ ಎಂದು ಅರ್ಜಿಯಲ್ಲೇ ಬರೆಯಿರಿ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಈಗಲೇ ತಿಳಿದುಕೊಳ್ಳಿ. ಭಾನುವಾರ ಬೆಳಗ್ಗೆ ಹುಡುಕಿದರೆ ಅವರು ಸಿಗುವುದಿಲ್ಲ.

5. ಅರ್ಜಿ

ಒಂದು ಪುಟ ಮೀರದಿರಲಿ. ಸಂಘದ ಸಾಧನೆಗಳನ್ನು ಬೇರೆ ಹಾಳೆಯಲ್ಲಿ ಕೊಡಿ. ಮಾದರಿ ಹೀಗಿದೆ:

*ಇವರಿಗೆ: ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ದಾವಣಗೆರೆ.*

*ಇವರಿಂದ: ............ (ಸಂಘದ ಹೆಸರು, ನೋಂದಣಿ ಸಂಖ್ಯೆ, ಅಧ್ಯಕ್ಷರ/ಕಾರ್ಯದರ್ಶಿಯ ಹೆಸರು, ವಿಳಾಸ, ಮೊಬೈಲ್).*

*ವಿಷಯ: ............ ಬಡಾವಣೆ, ..ನೇ ವಾರ್ಡ್, ............ ಉದ್ಯಾನದಲ್ಲಿ ದಿನಾಂಕ ............ ರಂದು ಬೆಳಗ್ಗೆ 9.30ರಿಂದ 12.30ರವರೆಗೆ ಮಕ್ಕಳ ಚಿತ್ರಕಲಾ ಸ್ಪರ್ಧೆ ನಡೆಸಲು ಅನುಮತಿ ಕೋರಿ.*

*ಮಾನ್ಯರೆ, ಮೇಲ್ಕಂಡ ಉದ್ಯಾನದ ಪೂರ್ವ ಭಾಗದ 50×60 ಅಡಿ ಜಾಗವನ್ನು (ನಕ್ಷೆ ಲಗತ್ತಿಸಿದೆ) ಸದರಿ ದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ, ಸಿದ್ಧತೆ ಮತ್ತು ಸ್ವಚ್ಛತೆಯ ಸಮಯವೂ ಸೇರಿ, ಬಳಸಲು ಅನುಮತಿ ನೀಡಬೇಕಾಗಿ ವಿನಂತಿ. ಮಕ್ಕಳು, ಪೋಷಕರು ಸೇರಿ ಗರಿಷ್ಠ 250 ಜನ. ಪ್ರವೇಶ ಉಚಿತ, ಸಾರ್ವಜನಿಕರಿಗೆ ಮುಕ್ತ. ಎರಡು ಸ್ಪೀಕರ್, ಪೊಲೀಸ್ ಅನುಮತಿ ಪಡೆದೇ ಬಳಸುತ್ತೇವೆ. ಅಡುಗೆ ಇಲ್ಲ, ಪ್ಲಾಸ್ಟಿಕ್ ಇಲ್ಲ. ಹಸಿ, ಒಣ ಕಸ ಬೇರ್ಪಡಿಸಿ ಪಾಲಿಕೆ ಗಾಡಿಗೆ ಒಪ್ಪಿಸುತ್ತೇವೆ. ನಡಿಗೆ ಪಥ ಮತ್ತು ಎರಡೂ ಗೇಟು ತೆರೆದಿರುತ್ತವೆ. ಹಾನಿಯಾದಲ್ಲಿ ವೆಚ್ಚ ಭರಿಸಲು ಬದ್ಧರು, ಮುಚ್ಚಳಿಕೆ ಲಗತ್ತಿಸಿದೆ. ಮಳೆ ಬಂದಲ್ಲಿ ಬದಲಿ ದಿನಾಂಕ: ............*

ಇದರಲ್ಲಿ ‘7ರಿಂದ 2’ ಎಂಬ ಅಂಕಿಯನ್ನು ಗಮನಿಸಿ. ಕಾರ್ಯಕ್ರಮದ ಹೊತ್ತನ್ನು ಮಾತ್ರ ಬರೆದು ಅನುಮತಿ ಪಡೆದವರು, ಬೆಳಗ್ಗೆ 7ಕ್ಕೆ ಶಾಮಿಯಾನದ ಗಾಡಿ ಬಂದಾಗ ವಾಚ್‌ಮನ್ ಹತ್ತಿರ ಜಗಳಕ್ಕೆ ನಿಲ್ಲಬೇಕಾಗುತ್ತದೆ. ಪತ್ರದಲ್ಲಿ 9.30 ಎಂದಿದ್ದರೆ ವಾಚ್‌ಮನ್ ಹೇಳುವುದೇ ಸರಿ.

ಲಗತ್ತುಗಳು: ಸಂಘದ ನೋಂದಣಿ ಪತ್ರದ ನಕಲು, ಅರ್ಜಿದಾರರ ಗುರುತಿನ ಚೀಟಿ, ನಕ್ಷೆ, ನಿಮಿಷವಾರು ಕಾರ್ಯಕ್ರಮ ಪಟ್ಟಿ, ನೆರೆಯವರ ಒಪ್ಪಿಗೆ ಹಾಳೆ, ಛಾಪಾ ಕಾಗದದ ಮೇಲೆ ಮುಚ್ಚಳಿಕೆ, ಅಂದರೆ ಹಾನಿಯಾದರೆ ಹೊಣೆ ನಮ್ಮದು ಎಂದು ಒಪ್ಪಿ ಬರೆದುಕೊಡುವ ಪತ್ರ. ಛಾಪಾ ಕಾಗದ ಎಷ್ಟು ರೂಪಾಯಿಯದು ಬೇಕು ಎಂದು ಶಾಖೆಯಲ್ಲಿ ಕೇಳಿಕೊಂಡೇ ತನ್ನಿ, ತಪ್ಪಿದರೆ ಮತ್ತೆ ಮಾಡಿಸಬೇಕು. ನೋಂದಣಿಯಿಲ್ಲದ ಗೆಳೆಯರ ಬಳಗವಾದರೆ ಅದೇ ವಾರ್ಡಿನ ಇಬ್ಬರು ನಿವಾಸಿಗಳು ವೈಯಕ್ತಿಕವಾಗಿ ಸಹಿ ಮಾಡಿ ಹೊಣೆ ಹೊರಬೇಕು.

6. ಕಡತದ ಹಾದಿ

ಅರ್ಜಿಯ ಎರಡು ಪ್ರತಿ ಒಯ್ದು ಟಪಾಲು ಶಾಖೆಯಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ಸಂಖ್ಯೆ, ದಿನಾಂಕ ಮೂರೂ ಬೀಳಲಿ. ಪರಿಚಯದ ಅಧಿಕಾರಿಯ ಕೈಗೆ ನೇರ ಕೊಟ್ಟು ‘ನೋಡಿಕೊಳ್ಳಿ ಸಾರ್’ ಎಂದು ಬಂದ ಅರ್ಜಿಗೆ ಸಂಖ್ಯೆ ಇರುವುದಿಲ್ಲ. ಅವರು ರಜೆ ಹಾಕಿದರೆ ಅರ್ಜಿಯೂ ರಜೆ.

ಟಪಾಲಿನಿಂದ ಅದು ಆಯುಕ್ತರ ಶರಾ ಪಡೆದು ಉದ್ಯಾನಗಳನ್ನು ನೋಡಿಕೊಳ್ಳುವ ಶಾಖೆಗೆ ಇಳಿಯುತ್ತದೆ. ಅಲ್ಲಿನ ವಿಷಯ ನಿರ್ವಾಹಕರು ಕಡತ ತೆರೆಯುತ್ತಾರೆ, ಕಿರಿಯ ಎಂಜಿನಿಯರ್ ಅಥವಾ ತೋಟಗಾರಿಕೆ ಸಿಬ್ಬಂದಿ ಸ್ಥಳ ನೋಡಿ ವರದಿ ಬರೆಯುತ್ತಾರೆ. ಇಡೀ ಹಾದಿಯಲ್ಲಿ ಹೆಚ್ಚು ತಡವಾಗುವುದು ಈ ಸ್ಥಳ ಪರಿಶೀಲನೆ. ಮೂರನೇ ದಿನ ಹೋಗಿ, ಸ್ವೀಕೃತಿ ಸಂಖ್ಯೆ ಹೇಳಿ, ‘ಸ್ಥಳ ನೋಡಲು ಯಾವಾಗ ಬರುತ್ತೀರಿ, ನಾವೂ ಅಲ್ಲಿರುತ್ತೇವೆ’ ಎಂದು ಕೇಳಿ. ನಕ್ಷೆ ಹಿಡಿದು ಜೊತೆಗೆ ನಿಂತರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಆ ಹೊತ್ತಿನಲ್ಲೇ ಹುಲ್ಲುಹಾಸಿನ ಕೆಳಗೆ ನೀರಿನ ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಮಾಲಿಯಿಂದ ತೋರಿಸಿಕೊಂಡು ನಕ್ಷೆಯಲ್ಲಿ ಗೆರೆ ಹಾಕಿಕೊಳ್ಳಿ.

ವರದಿ ಮೇಲೆ ಹೋಗಿ ಒಪ್ಪಿಗೆಯಾದರೆ ಶುಲ್ಕ ಮತ್ತು ಠೇವಣಿ (ಏನೂ ಹಾಳಾಗದಿದ್ದರೆ ವಾಪಸ್ ಬರುವ ಹಣ) ತುಂಬಲು ಹೇಳುತ್ತಾರೆ. ಎರಡಕ್ಕೂ ಬೇರೆ ಬೇರೆ ರಸೀದಿ ಕೇಳಿ. ಒಂದೇ ರಸೀದಿಯಲ್ಲಿ ಒಟ್ಟು ಮೊತ್ತ ಬರೆದರೆ ಆಮೇಲೆ ಎಷ್ಟು ವಾಪಸ್ ಬರಬೇಕು ಎನ್ನುವುದೇ ವಾದಕ್ಕೆ ಬೀಳುತ್ತದೆ. ನಗದಿಗಿಂತ ಸಂಘದ ಖಾತೆಯ ಡಿಡಿ ಅಥವಾ ಆನ್‌ಲೈನ್ ಪಾವತಿ ಒಳ್ಳೆಯದು. ಅರ್ಜಿ ಸಂಘದ ಹೆಸರಲ್ಲಿದ್ದು ದುಡ್ಡು ಕಾರ್ಯದರ್ಶಿಯ ಸ್ವಂತ ಖಾತೆಯಿಂದ ಹೋದರೆ ಠೇವಣಿ ವಾಪಸಾತಿ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ.

ಆದೇಶ ಕೈಗೆ ಬಂದ ತಕ್ಷಣ ದಿನಾಂಕ, ಹೊತ್ತು, ಉದ್ಯಾನದ ಹೆಸರು, ವಾರ್ಡ್ ಸಂಖ್ಯೆ ಓದಿ ನೋಡಿ. ಒಂದೇ ಬಡಾವಣೆಯಲ್ಲಿ ಮೂರು ಪಾರ್ಕುಗಳಿರುವ ಕಡೆ ಹೆಸರು ಅದಲುಬದಲಾಗುವುದು ಸಾಮಾನ್ಯ. ತಿದ್ದುಪಡಿಯನ್ನು ಅಂದೇ ಮಾಡಿಸಿ.

ನಿರಾಕರಿಸಿದರೆ ಬಾಯಿಮಾತಿಗೆ ಹಿಂತಿರುಗಬೇಡಿ. ‘ದಯವಿಟ್ಟು ಹಿಂಬರಹ ಕೊಡಿ’ ಎನ್ನಿ, ಅಂದರೆ ಕಚೇರಿಯ ಲಿಖಿತ ಉತ್ತರ. ಕಾರಣ ಬರಹದಲ್ಲಿದ್ದರೆ ಅದನ್ನು ಸರಿಪಡಿಸಿ ಮತ್ತೆ ಅರ್ಜಿ ಹಾಕಬಹುದು. ಉತ್ತರವೇ ಬಾರದಿದ್ದರೆ ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಮಾಹಿತಿ ಹಕ್ಕಿನಡಿ ₹10 ಶುಲ್ಕ ಕಟ್ಟಿ ಕಡತದ ಟಿಪ್ಪಣಿ ಹಾಳೆಯ ನಕಲು ಕೇಳಬಹುದು. ಒಂದೇ ವಿಷಯ, 150 ಪದದೊಳಗೆ. ಅದಕ್ಕೆ 30 ದಿನದ ಅವಧಿ ಇರುವುದರಿಂದ ಈ ಸಲದ ಕಾರ್ಯಕ್ರಮಕ್ಕೆ ಒದಗದು, ಮುಂದಿನ ಸಲಕ್ಕೆ ಒದಗುತ್ತದೆ.

7. ಪೊಲೀಸ್ ಅನುಮತಿ ಮತ್ತು ಸದ್ದಿನ ಲೆಕ್ಕ

ಪಾಲಿಕೆಯ ಆದೇಶದ ನಕಲು ಇಟ್ಟು ಠಾಣೆಗೆ ಅರ್ಜಿ ಕೊಡಿ. ಮೊದಲು ಠಾಣೆ ಯಾವುದು ಎಂದು ಖಚಿತಪಡಿಸಿಕೊಳ್ಳಿ. ವಿದ್ಯಾನಗರ, ಕೆ.ಟಿ.ಜೆ. ನಗರ, ಬಡಾವಣೆ ಠಾಣೆಗಳ ಗಡಿ ಕೆಲವೆಡೆ ಒಂದು ರಸ್ತೆಯ ಅಂತರ. ಧ್ವನಿವರ್ಧಕ ಪರವಾನಗಿಗೆ ಸೇವಾ ಸಿಂಧು ಪೋರ್ಟಲಿನ ಪೊಲೀಸ್ ಇಲಾಖೆ ವಿಭಾಗದಲ್ಲೂ ಅರ್ಜಿ ಹಾಕಬಹುದು. ಹಾಕಿದ ಮೇಲೆ ಠಾಣೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು, ಸ್ಥಳದ ವರದಿ ಅಲ್ಲಿಂದಲೇ ಹೋಗಬೇಕು.

2000ದ ಶಬ್ದ ಮಾಲಿನ್ಯ ನಿಯಮಗಳನ್ನು ಅರೆಬರೆ ತಿಳಿದವರೇ ಹೆಚ್ಚು. ‘ರಾತ್ರಿ 10ರ ತನಕ ಎಷ್ಟಾದರೂ ಹಾಕಬಹುದು’ ಎನ್ನುವುದು ತಪ್ಪು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ, ಅದು ಸರಿ. ಹಗಲಲ್ಲೂ ಮಿತಿ ಇದೆ. ವಸತಿ ಪ್ರದೇಶದ ಹಗಲಿನ ಮಟ್ಟ 55 ಡೆಸಿಬಲ್. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಮಟ್ಟಕ್ಕಿಂತ 10 ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಬಡಾವಣೆಯ ಪಾರ್ಕಿಗೆ 55ಕ್ಕೆ 10 ಸೇರಿ 65 ಆಗುತ್ತದೆ. ಇಬ್ಬರು ಎದುರುಬದುರು ಕೂತು ಸ್ವಲ್ಪ ಗಟ್ಟಿಯಾಗಿ ಮಾತಾಡಿದಷ್ಟು. ಬೇಲಿಯ ಹತ್ತಿರ ನಿಂತವರಿಗೆ ಕೇಳಬೇಕಾದದ್ದು ಅಷ್ಟೇ.

ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯದ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ನಿಯಮದಲ್ಲಿ ಅವಕಾಶವಿದೆ, ಅಲ್ಲಿ ಧ್ವನಿವರ್ಧಕ ಕೇಳಲೇಬೇಡಿ. ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎಂ.ಸಿ.ಸಿ. ‘ಬಿ’ ಬ್ಲಾಕಿನ ಕಾಲೇಜುಗಳ ಆಸುಪಾಸಿನ ಪಾರ್ಕುಗಳನ್ನು ಆರಿಸುವ ಮೊದಲು ಮೊಬೈಲಿನ ನಕ್ಷೆಯಲ್ಲಿ ದೂರ ಅಳೆಯಿರಿ. ಅಂಥ ಕಡೆ ಯೋಗ, ಚಿತ್ರಕಲೆ, ಗಿಡ ನೆಡುವುದು ಚೆನ್ನಾಗಿ ನಡೆಯುತ್ತವೆ.

ಸ್ಪೀಕರನ್ನು ಎತ್ತರದ ಕಂಬಕ್ಕೆ ಕಟ್ಟಿದರೆ ಸದ್ದು ಕುಳಿತವರ ತಲೆ ಮೇಲೆ ಹಾದು ಎದುರು ಮನೆಯ ಮಹಡಿಗೆ ಹೋಗುತ್ತದೆ. ಮುಂದಿನವರಿಗೆ ಕೇಳುವುದಿಲ್ಲ ಎಂದು ಇನ್ನೂ ಜೋರು ಮಾಡುತ್ತಾರೆ. ಎರಡು ಪೆಟ್ಟಿಗೆ ಸ್ಪೀಕರುಗಳನ್ನು 6 ಅಡಿ ಎತ್ತರಕ್ಕೆ ನಿಲ್ಲಿಸಿ, ಪಾರ್ಕಿನ ಒಳಮುಖವಾಗಿ ತಿರುಗಿಸಿ, ತುಸು ಕೆಳಕ್ಕೆ ಬಾಗಿಸಿ. ಬೇಲಿಯ ಹತ್ತಿರ ಮೊಬೈಲಿನ ಡೆಸಿಬಲ್ ಆ್ಯಪ್ ಹಿಡಿದು ನೋಡಿ. ಅದು ಕಾನೂನಿನ ಪುರಾವೆಯಲ್ಲ, ಆದರೆ ಅಂದಾಜಿಗೆ ಸಾಕು. ಹಾರ್ನ್ ಸ್ಪೀಕರ್ ಬೇಡವೇ ಬೇಡ.

ಸಿನಿಮಾ ಹಾಡು ಹಾಕುವುದಿದ್ದರೆ ಹಕ್ಕುಸ್ವಾಮ್ಯದ ಪರವಾನಗಿಯೂ ಬೇಕು. ಧಾರ್ಮಿಕ ವಿಧಿಗೆ ಇರುವ ವಿನಾಯಿತಿ ಬಡಾವಣೆಯ ಮನರಂಜನಾ ಸಂಜೆಗೆ ಅನ್ವಯಿಸುವುದಿಲ್ಲ.

8. ವಿದ್ಯುತ್

ಪಾರ್ಕಿನ ಪಂಪಿನ ಕೋಣೆಯಿಂದ ಅಥವಾ ದೀಪದ ಕಂಬದಿಂದ ವೈರು ಎಳೆಯಬೇಡಿ. ಅದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಕಳವು. ಒದ್ದೆ ಹುಲ್ಲಿನ ಮೇಲೆ ಗಂಟು ಹಾಕಿದ ವೈರು ಇದ್ದರೆ ಮಕ್ಕಳ ಜೀವಕ್ಕೇ ಅಪಾಯ.

ಬೇಕಾಗುವ ವಿದ್ಯುತ್ತಿನ ಲೆಕ್ಕ ಹಾಕಿ: ಧ್ವನಿ ವ್ಯವಸ್ಥೆ 1 ಕಿಲೋವ್ಯಾಟ್, 50 ವ್ಯಾಟಿನ ಹತ್ತು ಎಲ್‌ಇಡಿ ದೀಪ ಅರ್ಧ, 150 ವ್ಯಾಟಿನ ಆರು ದೊಡ್ಡ ಫ್ಯಾನ್ ಸುಮಾರು ಒಂದು. ಒಟ್ಟು ಎರಡೂವರೆ. 5 ಕೆವಿಎ ಜನರೇಟರ್ ಧಾರಾಳ. ಒಂದು ದಿನದ ಕಾರ್ಯಕ್ರಮಕ್ಕೆ ಬಾಡಿಗೆ ಜನರೇಟರೇ ಸುಲಭ. ಎರಡು ಮೂರು ದಿನದ್ದಾದರೆ ಬೆಸ್ಕಾಂ ಉಪವಿಭಾಗದಲ್ಲಿ ತಾತ್ಕಾಲಿಕ ಸಂಪರ್ಕ ಕೇಳಿ, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ. ಜನರೇಟರನ್ನು ಬೇಲಿಯ ಹೊರಗೆ ನಿಲ್ಲಿಸಿ, ಕೆಳಗೆ ತಗಡು ಹಾಸಿ. ಡೀಸೆಲ್ ಸೋರಿದ ಕಡೆ ಹುಲ್ಲು ಬಹಳ ದಿನ ಚಿಗುರುವುದಿಲ್ಲ. ವಿದ್ಯುತ್ ಸೋರಿಕೆ 30 ಮಿಲಿಆಂಪು ಮುಟ್ಟಿದರೆ ತಾನಾಗಿ ಸಂಪರ್ಕ ಕತ್ತರಿಸುವ ಇಎಲ್‌ಸಿಬಿ ಇಲ್ಲದ ಬೋರ್ಡು ತಂದರೆ ವಾಪಸ್ ಕಳಿಸಿ.

9. ತಿಂಡಿ, ನೀರು, ಕಸ

ದಾವಣಗೆರೆಯಲ್ಲಿ ಕಾರ್ಯಕ್ರಮ ಎಂದರೆ ಮಂಡಕ್ಕಿ, ಮೆಣಸಿನಕಾಯಿ ಇರಲೇಬೇಕು. ಇರಲಿ. ಆದರೆ ಮೆಣಸಿನಕಾಯಿ ಕರಿಯುವ ಬಾಣಲೆ ಪಾರ್ಕಿನೊಳಗೆ ಬೇಡ. ಚೆಲ್ಲಿದ ಎಣ್ಣೆಗೆ ಹುಲ್ಲು ಸಾಯುತ್ತದೆ, ಒಲೆಯ ಶಾಖಕ್ಕೆ ಹೊಂಗೆಯ ಕೆಳಗಿನ ಕೊಂಬೆ ಬಾಡುತ್ತದೆ, ಓಡಾಡುವ ಮಕ್ಕಳ ನಡುವೆ ಕುದಿಯುವ ಎಣ್ಣೆ ಇರಬಾರದು. ಹೊರಗೆ ಮಾಡಿಸಿ, ಡಬ್ಬದಲ್ಲಿ ತಂದು ಹಂಚಿ. ಮಾಡಿಕೊಡುವವರ ಹತ್ತಿರ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಇರಬೇಕು. ಅದರ ನಕಲು ಕಡತದಲ್ಲಿರಲಿ. ಹಳೆ ಪೇಪರಿನ ಪೊಟ್ಟಣದಲ್ಲಿ ಕೊಡಬೇಡಿ, ಅಚ್ಚಿನ ಮಸಿ ಎಣ್ಣೆಗೆ ಇಳಿಯುತ್ತದೆ. ಚನ್ನಗಿರಿ ಕಡೆ ಅಡಿಕೆ ಸೀಮೆ ಹತ್ತಿರವೇ ಇದೆ, ಹಾಳೆ ತಟ್ಟೆ ಸುಲಭವಾಗಿ ಸಿಗುತ್ತದೆ.

ಪ್ಲಾಸ್ಟಿಕ್ ಲೋಟ, ಚಮಚ, ಥರ್ಮೊಕೋಲ್ ತಟ್ಟೆ, ಫ್ಲೆಕ್ಸ್, ಪ್ಲಾಸ್ಟಿಕ್ ತೋರಣ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷಿದ್ಧ. ವೇದಿಕೆಗೆ ಬಟ್ಟೆಯ ಬ್ಯಾನರ್ ಬರೆಸಿ. ಗೇಟಿನ ಹೊರಗೆ, ವೃತ್ತದಲ್ಲಿ ಕಟ್ಟುವ ಬ್ಯಾನರಿಗೆ ಪಾಲಿಕೆಯ ಪ್ರತ್ಯೇಕ ಅನುಮತಿ ಬೇಕು. ಪಾರ್ಕಿನ ಅನುಮತಿಯಲ್ಲಿ ಅದು ಸೇರಿರುವುದಿಲ್ಲ.

ಮೂರು ಗಂಟೆಗೆ ಒಬ್ಬರಿಗೆ ಅರ್ಧ ಲೀಟರಿನಂತೆ 300 ಜನಕ್ಕೆ 150 ಲೀಟರ್ ನೀರು, ಅಂದರೆ 20 ಲೀಟರಿನ ಎಂಟು ಕ್ಯಾನು; ಏಪ್ರಿಲ್, ಮೇನಲ್ಲಿ ಅದರ ದುಪ್ಪಟ್ಟು. ಸ್ಟೀಲ್ ಲೋಟ ಮತ್ತು ತೊಳೆಯಲು ಒಬ್ಬರು. ಪಾರ್ಕಿನ ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಸಂಚಾರಿ ಶೌಚಾಲಯ ಕೇಳಿ, ಹೆಂಗಸರಿಗೆ ಎರಡು, ಗಂಡಸರಿಗೆ ಒಂದು ಕನಿಷ್ಠ.

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಕನಿಷ್ಠ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಬೇರ್ಪಡಿಸಿ ಒಪ್ಪಿಸುವ ಹೊಣೆ ಸಂಘಟಕರದು ಎಂದು ಘನತ್ಯಾಜ್ಯ ನಿಯಮ ಹೇಳುತ್ತದೆ. ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಪತ್ರ ಕೊಟ್ಟು, ಅವರಿಂದಲೇ ದಫೇದಾರರ, ಅಂದರೆ ಪೌರಕಾರ್ಮಿಕರ ಮೇಲ್ವಿಚಾರಕರ, ನಂಬರು ಪಡೆಯಿರಿ. ಭಾನುವಾರ ಮಧ್ಯಾಹ್ನ ಟಿಪ್ಪರ್ ಬರುವುದೇ, ಸೋಮವಾರ ಬೆಳಗ್ಗೆ ಬರುವುದೇ ಎಂದು ಖಚಿತ ಮಾಡಿಕೊಳ್ಳಿ. ಸೋಮವಾರವಾದರೆ ರಾತ್ರಿಯಿಡೀ ಚೀಲಗಳನ್ನು ನಿಮ್ಮ ಸುಪರ್ದಿಯಲ್ಲಿ ಮುಚ್ಚಿಡಬೇಕು. ಪಾರ್ಕಿನ ಮೂಲೆಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ನಾಯಿ, ಹಂದಿ ಎಳೆದಾಡಿ ಹರಡಿರುತ್ತವೆ. ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುವುದು ಅದರದೇ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬುಟ್ಟಿಗಳ ನಾಲ್ಕು ಜೋಡಿ ಇಡಿ, ಪ್ರತಿ ಜೋಡಿಯ ಪಕ್ಕ ಒಬ್ಬ ಸ್ವಯಂಸೇವಕ ನಿಲ್ಲಲಿ. ಯಾರೂ ನಿಲ್ಲದ ಬುಟ್ಟಿಯಲ್ಲಿ ಎಲ್ಲವೂ ಕಲಸಿಹೋಗುತ್ತದೆ.

10. ಹುಲ್ಲು, ಮರ, ಶಾಮಿಯಾನ

ಹಿಂದಿನ ದಿನ ಹುಲ್ಲಿಗೆ ನೀರು ಬಿಡದಂತೆ ಮಾಲಿಗೆ ಹೇಳಿ. ಒದ್ದೆ ಮಣ್ಣನ್ನು 300 ಜನ ತುಳಿದರೆ ಅದು ಇಟ್ಟಿಗೆಯಂತೆ ಗಟ್ಟಿಯಾಗಿ, ಬೇರಿಗೆ ಗಾಳಿ ಹೋಗದೆ ಹುಲ್ಲು ಹಳದಿಯಾಗುತ್ತದೆ. ಸಾಮಾನಿನ ಗಾಡಿ ಗೇಟಿನಲ್ಲೇ ನಿಲ್ಲಲಿ, ಕುರ್ಚಿಗಳನ್ನು ಕೈಯಲ್ಲಿ ಹೊತ್ತು ತರಲಿ.

ಶಾಮಿಯಾನದವರು ಬಂದವರೇ ಹಾರೆ ಎತ್ತಿ ಗೂಟ ಹೊಡೆಯಲು ಶುರು ಮಾಡುತ್ತಾರೆ. ಪೈಪು ಒಡೆಯುವುದು ಆ ಹೊತ್ತಿನಲ್ಲೇ. ನಕ್ಷೆ ಹಿಡಿದು ಒಬ್ಬರು ಅವರ ಜೊತೆ ನಿಲ್ಲಬೇಕು. ಪೈಪಿನ ಗೆರೆಯ ಎರಡೂ ಕಡೆ ಒಂದೂವರೆ ಅಡಿ ಬಿಟ್ಟು ಗೂಟ ಹೊಡೆಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿಟ್ಟರೆ ಇನ್ನೂ ಒಳ್ಳೆಯದು. ಇಲ್ಲವೇ ಗೂಟದ ಬದಲು ಮರಳು ಚೀಲದ ಭಾರ ಕಟ್ಟಿಸಿ. ಮರಕ್ಕೆ ಹಗ್ಗ ಕಟ್ಟುವುದು, ಮೊಳೆ ಹೊಡೆಯುವುದು, ಅಡ್ಡ ಬರುತ್ತದೆಂದು ಕೊಂಬೆ ಕಡಿಯುವುದು ಮೂರೂ ಕೂಡದು. ಹಿಂದಿನ ರಾತ್ರಿಯೇ ಕಟ್ಟಿ ಮರುದಿನ ರಾತ್ರಿ ಬಿಚ್ಚುವ ಪದ್ಧತಿಯೂ ಬೇಡ. ಬೆಳಗ್ಗೆ ಕಟ್ಟಿ ಮಧ್ಯಾಹ್ನ ಬಿಚ್ಚುವ ಕರಾರು ಮಾಡಿಕೊಳ್ಳಿ.

11. ಆ ದಿನ, ಮತ್ತು ಠೇವಣಿ

ಬೆಳಗ್ಗೆ 7ಕ್ಕೆ, ಒಂದು ಕುರ್ಚಿಯೂ ಒಳಗೆ ಬರುವ ಮುಂಚೆ, ಪಾರ್ಕಿನ ಹತ್ತು ಹದಿನೈದು ಫೋಟೊ ತೆಗೆಯಿರಿ: ಬೆಂಚು, ಆಟಿಕೆ, ನಲ್ಲಿ, ಬೇಲಿ, ಹುಲ್ಲು. ಮೊದಲೇ ಮುರಿದಿರುವ ಜೋಕಾಲಿ, ಬಿರುಕು ಬಿಟ್ಟ ಬೆಂಚನ್ನು ಹತ್ತಿರದಿಂದ, ದಿನಾಂಕ ಕಾಣುವಂತೆ ತೆಗೆಯಿರಿ. ಇಲ್ಲದಿದ್ದರೆ ಅದರ ಲೆಕ್ಕವೂ ನಿಮ್ಮ ತಲೆಗೆ ಬರುತ್ತದೆ. ಎಲ್ಲ ಅನುಮತಿಗಳ ನಕಲು ಒಂದು ಫೈಲಿನಲ್ಲಿ ಒಬ್ಬರ ಕೈಯಲ್ಲಿರಲಿ, ಅವರಿಗೆ ವೇದಿಕೆಯ ಕೆಲಸ ಕೊಡಬೇಡಿ. ಬೀಟ್ ಪೊಲೀಸರು ಬಂದು ಕೇಳಿದಾಗ ‘ಅಧ್ಯಕ್ಷರು ಭಾಷಣ ಮಾಡುತ್ತಿದ್ದಾರೆ, ಕಾಗದ ಅವರ ಹತ್ತಿರ ಇದೆ’ ಎನ್ನುವಂತಾಗಬಾರದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತುರ್ತಿಗೆ 108 ಮತ್ತು 112, ವಿದ್ಯುತ್ ತೊಂದರೆಗೆ 1912 – ಇವನ್ನು ದೊಡ್ಡದಾಗಿ ಬರೆದು ವೇದಿಕೆಯ ಹಿಂದೆ ಅಂಟಿಸಿ.

ಮುಗಿಯುವ ಹೊತ್ತಿಗೆ ಸರಿಯಾಗಿ ಮುಗಿಸಿ. ವಂದನಾರ್ಪಣೆ ಮುಗಿದ ತಕ್ಷಣ ಸ್ಪೀಕರ್ ಬಂದ್ ಆಗಲಿ, ಸಾಮಾನು ತುಂಬುವಾಗ ಹಾಡು ಬೇಡ. ಎಂಟು ಜನ ಒಂದು ಸಾಲಾಗಿ ನಿಂತು, ಕೈಯಳತೆಯ ಅಂತರದಲ್ಲಿ, ಈ ಬೇಲಿಯಿಂದ ಆ ಬೇಲಿಯವರೆಗೆ ಕಸ ಹೆಕ್ಕುತ್ತಾ ನಡೆದರೆ ಇಪ್ಪತ್ತು ನಿಮಿಷದ ಕೆಲಸ. ಗುಂಡುಪಿನ್ನು, ರಬ್ಬರ್ ಬ್ಯಾಂಡು, ಚಾಕೊಲೇಟಿನ ಸಿಪ್ಪೆ ಪೊರಕೆಗೆ ಸಿಗುವುದಿಲ್ಲ, ಕೈಗೇ ಸಿಗಬೇಕು. ಗೂಟದ ಕುಳಿಗಳಿಗೆ ಮಣ್ಣು ತುಂಬಿ ತುಳಿಯಿರಿ.

ಆಮೇಲೆ ಬೆಳಗಿನ ಅವೇ ಕೋನಗಳಿಂದ ಮತ್ತೆ ಫೋಟೊ ತೆಗೆದು, ಮಾಲಿಯನ್ನು ಕರೆದು ಜೊತೆಗೆ ಒಂದು ಸುತ್ತು ಹಾಕಿ. ‘ಉದ್ಯಾನ ಸುಸ್ಥಿತಿಯಲ್ಲಿದೆ’ ಎಂದು ಎರಡು ಪ್ರತಿಗಳ ಮೇಲೆ ಸಹಿ ಪಡೆಯಿರಿ. ಸೋಮವಾರವೇ ಠೇವಣಿ ವಾಪಸಾತಿಯ ಅರ್ಜಿ ಟಪಾಲಿಗೆ ಕೊಡಿ. ಅದರ ಜೊತೆ ಠೇವಣಿ ರಸೀದಿಯ ನಕಲು, ಅನುಮತಿ ಆದೇಶದ ನಕಲು, ಮಾಲಿಯ ಸಹಿಯ ಹಾಳೆ, ಫೋಟೊಗಳು ಮತ್ತು ಸಂಘದ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇರಲಿ. ಹೆಸರು ರಸೀದಿಯಲ್ಲಿದ್ದಂತೆಯೇ ಅಕ್ಷರಶಃ ಹೊಂದಬೇಕು. ಮೂಲ ರಸೀದಿಯನ್ನು ಹಣ ಖಾತೆಗೆ ಬೀಳುವವರೆಗೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕಚೇರಿಯವರು ಮೂಲವನ್ನೇ ಕೇಳಿದರೆ ಒಪ್ಪಿಸಿದ್ದಕ್ಕೆ ಸ್ವೀಕೃತಿ ಬರೆಸಿಕೊಂಡು ಕೊಡಿ.